ಕೂಗು ಮೊದಲು, ಓಟ ಆಮೇಲೆ

"ಗೆದ್ದಳು! ನನ್ನ ಮಗಳು ಗೆದ್ದಳು!" ಸ್ಟುಡಿಯೋದ ಟಿವಿಯೊಳಗಿಂದ ದರ್ಜಿಯ ದನಿ ಕಿರುಚಿತು. ಆದರೆ ಪರದೆಯ ಮೇಲೆ ಅವನ ಮಗಳು ಇನ್ನೂ ಅರ್ಧ ಮೈದಾನದಲ್ಲೇ ಓಡುತ್ತಿದ್ದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದುಬಿಟ್ಟಿದೀರಲ್ಲ ಅಣ್ಣ!" ಸ್ಟುಡಿಯೋದಾಕೆ ನಗುತ್ತ ಡಿವಿಡಿಯನ್ನು ಪ್ಲೇಯರಿನಿಂದ ಹೊರಗೆ ತೆಗೆದಳು.

ದರ್ಜಿಗೆ ನಗು ಬರಲಿಲ್ಲ. ಶಾಲೆಗಳ ಓಟದಲ್ಲಿ ಮೊದಲು ಬಂದ ಮಗಳನ್ನು ಎರಡನೆಯವಳು ಎಂದು ಬರೆದಿದ್ದಾರೆ ಎಂಬುದು ಅವನ ದೂರು. ಮೊದಲು ಬಂದವಳಿಗೆ ಮಾತ್ರ ತರಬೇತಿ ಶಿಬಿರದಲ್ಲಿ ಜಾಗ. ಇವತ್ತು ಸಂಜೆ ಕಚೇರಿಯ ಬಾಗಿಲು ಹಾಕುವುದರೊಳಗೆ, ನೀನು ಫೋನಿನಲ್ಲಿ ತೆಗೆದ ವೀಡಿಯೋ ತಂದರೆ ನೋಡುತ್ತೇವೆ ಎಂದು ಕ್ರೀಡಾ ಸಮಿತಿಯವರು ಒಪ್ಪಿದ್ದರು. ಅದೂ ಡಿವಿಡಿಯಲ್ಲೇ ಆಗಬೇಕು. ಪೆನ್‌ಡ್ರೈವಿನಲ್ಲಿ ವೈರಸ್ ಇರುತ್ತದೆ, ಮೊಬೈಲಿನಲ್ಲಿ ಮೋಸ ಇರುತ್ತದೆ ಎಂಬುದು ಅಲ್ಲಿನ ಗುಮಾಸ್ತರ ಸಿದ್ಧಾಂತ.

"ಇದನ್ನ ಹೀಗೇ ಕೊಟ್ರೆ, ಕೂಗನ್ನ ಆಮೇಲೆ ಅಂಟಿಸಿದೀಯ ಅಂತಾರಮ್ಮ. ಏನಾದ್ರೂ ಮಾಡು!"

"ಬಿಡಪ್ಪ, ಹೋಗ್ಲಿ," ಮೂಲೆಯ ಸ್ಟೂಲಿನ ಮೇಲಿಂದ ಮಗಳು ಅಂದಳು. ಬಂದಾಗಿನಿಂದ ಅವಳು ಆಡಿದ ಮಾತು ಅದೊಂದೇ.

"ನೀನು ಸುಮ್ನಿರು. ನಿಂಗೆ ಬಾಯಿ ಇದ್ದಿದ್ರೆ ಅವತ್ತೇ ಜಗಳ ಆಡ್ತಿದ್ದೆ."

ಸ್ಟುಡಿಯೋದಾಕೆ ಬೇರೆ ರೀತಿಯಲ್ಲಿ ಪರಿವರ್ತಿಸಿ ಇನ್ನೊಂದು ಡಿವಿಡಿ ಬರೆದಳು. ಅದರಲ್ಲಿ ಓಟಗಾರ್ತಿಯರೆಲ್ಲ ಕಂಬದಂತೆ ಉದ್ದವಾದರು. ಕೂಗು ಮಾತ್ರ ಇನ್ನೂ ಮುಂದೆಯೇ ಇತ್ತು. ಅವಳು ಕೂದಲಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಕಚ್ಚುತ್ತ, ಫೈಲಿನ ವಿವರಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಮೇಜಿಗೆ ಗುದ್ದಿದಳು.

"ಸಿಕ್ತು! ಅಣ್ಣ, ನಿಮ್ಮ ಫೋನು ಒಂದೇ ಲೆಕ್ಕದಲ್ಲಿ ಚಿತ್ರ ಹಿಡಿದಿಲ್ಲ. ಒಂದು ಸೆಕೆಂಡಿಗೆ ಮೂವತ್ತು ಹಿಡಿದ್ರೆ ಇನ್ನೊಂದಕ್ಕೆ ಹದಿನೆಂಟು. ಡಿವಿಡಿಗೆ ಎಲ್ಲಾ ಒಂದೇ ಸಮ ಇರ್ಬೇಕು. ಅದಕ್ಕೇ ಚಿತ್ರ ಹಿಂದೆ ಬೀಳ್ತಿದೆ, ಸದ್ದು ಮುಂದೆ ಓಡ್ತಿದೆ."

"ಅಂದ್ರೆ, ಒಂದು ಹೊಲಿಗೆ ಉದ್ದ, ಒಂದು ಹೊಲಿಗೆ ಗಿಡ್ಡ?"

"ಅದೇ!"

"ಹಾಗಾದ್ರೆ ಬಿಚ್ಚಿ ಮತ್ತೆ ಹೊಲಿಯಮ್ಮ, ಅದಕ್ಕೇನು!"

ಬಿಚ್ಚಿ ಹೊಲಿಯುವ ಕೆಲಸ ಶುರುವಾಯಿತು. ಹಸಿರು ಪಟ್ಟಿ ಪರದೆಯ ಮೇಲೆ ಬಸವನಹುಳುವಿನಂತೆ ತೆವಳಿತು. ದರ್ಜಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೊರಳಲ್ಲಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಡಿವಿಡಿ ಬರೆಯುವ ಯಂತ್ರ ಗುಂಯ್‌ಗುಟ್ಟಿ ನಾಲಿಗೆ ಚಾಚಿದಾಗ ಅವನೇ ಮುಂದೆ ಬಿದ್ದು ಬಿಸಿ ಡಿವಿಡಿಯನ್ನು ತೆಗೆದು ಪ್ಲೇಯರಿಗೆ ಹಾಕಿದ.

ಓಟ ಶುರುವಾಯಿತು. ಪಿಸ್ತೂಲಿನ ಹೊಗೆ ಏಳುವುದಕ್ಕೂ ಢಂ ಎನ್ನುವುದಕ್ಕೂ ಸರಿಹೋಯಿತು. "ಭೇಷ್!" ಎಂದು ದರ್ಜಿ ತೊಡೆ ತಟ್ಟಿದ. ಮಗಳು ತಿರುವಿನಲ್ಲಿ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಎಲ್ಲರಿಗಿಂತ ಮುಂದೆ ಬಂದಳು. "ನೋಡಮ್ಮ ನೋಡು, ಯಾರು ಮುಂದಿದಾರೆ ನೋಡು!" ಸ್ಟುಡಿಯೋದಾಕೆಯೂ ಎದ್ದು ನಿಂತಿದ್ದಳು. ಗುರಿಯ ರಿಬ್ಬನ್ ಇನ್ನೂ ಕೆಲವು ಹೆಜ್ಜೆ ದೂರವಿತ್ತು. ಅಷ್ಟರಲ್ಲಿ ಟಿವಿ ಕಿರುಚಿತು: "ಗೆದ್ದಳು!"

ದರ್ಜಿಯ ಮುಖ ಇಳಿಯಿತು. "ಇನ್ನೂ ಸರಿಯಾಗಿಲ್ಲಮ್ಮ. ಕೂಗು ಈಗ್ಲೂ ಮುಂಚೇನೇ ಬರ್ತಿದೆ."

ಅವಳು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. "ಪಿಸ್ತೂಲು ಸರಿಯಾಗಿದೆ, ಚಪ್ಪಾಳೆ ಸರಿಯಾಗಿದೆ. ನಿಮ್ಮ ಕೂಗೊಂದೇ ತಪ್ಪಾಗೋದು ಹೇಗಣ್ಣ?"

ಅವಳು ಕೊನೆಯ ತುಣುಕನ್ನು ನಿಧಾನವಾಗಿ ಓಡಿಸಿದಳು. ದರ್ಜಿಯ ಒಡೆದ ಫೋನಿನ ಅಂಗೈ ಅಗಲದ ಗಾಜಿನಲ್ಲಿ ಇರುವೆಗಳಾಗಿದ್ದವರು ದೊಡ್ಡ ಪರದೆಯ ಮೇಲೆ ಕಣ್ಣು ಮೂಗು ಸಮೇತ ಕಂಡರು. ಮಗಳು ಒಂದು ಮಾರು ಮುಂದೆ. ಕೂಗು. ತಟ್ಟನೆ ಅವಳ ಮುಖ ಕ್ಯಾಮೆರಾದ ಕಡೆ ತಿರುಗಿತು, ಬಾಯಿ ತುಂಬ ನಗು. ಕಾಲು ಲಯ ತಪ್ಪಿತು. ಪಕ್ಕದ ಹುಡುಗಿ ತಲೆ ತಗ್ಗಿಸಿಕೊಂಡು ಬಂದು ರಿಬ್ಬನ್ನನ್ನು ಎದೆಯ ಮೇಲೆ ಎಳೆದುಕೊಂಡು ಹೋದಳು.

ದರ್ಜಿ ಪರದೆಯನ್ನೇ ನೋಡುತ್ತ ನಿಂತ. "ನಿಂಗೆ ಗೊತ್ತಿತ್ತಾ?"

ಮಗಳು ಹೌದೆಂದು ತಲೆಯಾಡಿಸಿದಳು.

"ನೀನು ತಿರುಗಿದ್ದಾದ್ರೂ ಯಾಕೆ, ಮಗಳೇ? ಇನ್ನು ನಾಲ್ಕು ಹೆಜ್ಜೆ ಇತ್ತಲ್ಲ!"

ಅವಳು ಸ್ಟೂಲಿನಿಂದ ಎದ್ದು ಟಿವಿಯ ಹತ್ತಿರ ಬಂದಳು. ಸ್ಟುಡಿಯೋದಾಕೆ ಹಿಂದಕ್ಕೆ ಓಡಿಸಿ ನಿಲ್ಲಿಸಿದ್ದ ಪರದೆಯ ಮೇಲೆ ಮಗಳದೇ ನಗುಮುಖ ಇತ್ತು.

"ನೀನು ಅಷ್ಟು ಖುಷಿಯಾಗಿ ಕೂಗಿದ್ದನ್ನ ನಾನು ಯಾವತ್ತೂ ಕೇಳಿರ್ಲಿಲ್ಲಪ್ಪ. ನಿನ್ನ ಮುಖ ಹೇಗಿದೆ ಅಂತ ನೋಡ್ಬೇಕು ಅನ್ನಿಸ್ತು."