ಊದಿನಕಡ್ಡಿ ಆರಿದ ಮೇಲೆ

‘ಅಂದು ಕಾರಿನಲ್ಲಿ ತಂಗಿಗೆ ದೃಷ್ಟಿ ತಗುಲಿ ಎಚ್ಚರ ತಪ್ಪಿತು’ ಎಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಊದಿನಕಡ್ಡಿಯ ವಾಸನೆ ಬಂದರೆ ಈಗಲೂ ಎದ್ದು ಕಿಟಕಿ ತೆರೆಯುತ್ತೇನೆ.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ಸೋದರಮಾವನ ಹಳೆಯ ಕಾರಿನಲ್ಲಿ ಸಯನ್‌ನಿಂದ ಮುಲುಂಡ್‌ಗೆ ಹೊರಟಿದ್ದೆವು. ಮಳೆಯೆಂದು ಗಾಜುಗಳನ್ನೆಲ್ಲ ಏರಿಸಿದ್ದರು. ಅಜ್ಜಿ ಎಂದಿನಂತೆ ಸ್ಟಿಯರಿಂಗ್ ಪಕ್ಕದ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದ್ದಳು. ದಾರಿಯಲ್ಲಿ, ನನ್ನ ಹೆಗಲಿಗೆ ಒರಗಿದ್ದ ತಂಗಿಯ ತಲೆ ಜೋತುಬಿತ್ತು. ಅಲುಗಿಸಿದರೂ ಕಣ್ಣು ತೆರೆಯಲಿಲ್ಲ.

ಮಾವ ಕಾರು ನಿಲ್ಲಿಸಿದ. ಅಮ್ಮ ಅವಳನ್ನೆತ್ತಿಕೊಂಡು ಮಳೆಗೇ ಇಳಿದಳು.

“ಯಾರ ಕಣ್ಣು ಬಿತ್ತೋ! ಇನ್ನೊಂದು ಕಡ್ಡಿ ಹಚ್ಚೋ,” ಎಂದಳು ಅಜ್ಜಿ.

“ಇದ್ದದ್ದನ್ನ ಮೊದಲು ಆರಿಸವ್ವಾ!” ಎಂದು ಅಮ್ಮ ಕಿರುಚಿದಳು. “ಅಣ್ಣಾ, ಇಂಜಿನ್ ಬಂದ್ ಮಾಡಬ್ಯಾಡ. ಒಳಗ ಮೂಸಿ ನೋಡು.”

ಗಂಧದ ವಾಸನೆ ಕರಗಿದಂತೆ ಅದರಡಿಯಿದ್ದ ಸುಟ್ಟ ಪೆಟ್ರೋಲಿನ ವಾಸನೆ ನನಗೂ ತಿಳಿಯಿತು. ಮಾವ ಬಗ್ಗಿ ಹಿಂದಿನ ಸೀಟಿನ ಮುಂದೆ ಕಾಲಡಿಗಿದ್ದ ರಬ್ಬರ್ ಹಾಸನ್ನು ಎತ್ತಿದ. ತುಕ್ಕು ತಿಂದ ತೂತಿನಿಂದ ಸೈಲೆನ್ಸರಿನ ಹೊಗೆ ಸಣ್ಣಗೆ ಏಳುತ್ತಿತ್ತು.

ಹೊರಗೆ ತಂಗಿ ಕೆಮ್ಮಿದಳು. ಅಲ್ಲಿಯವರೆಗೆ ಅಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆ ಕಾರು ಮುಲುಂಡ್‌ನಲ್ಲಿ ಮಾವನ ಮಗನ ಬಿಲ್ಡಿಂಗಿನ ಕೆಳಗೆ ಇನ್ನೂ ನಿಂತಿದೆ. ದೃಷ್ಟಿಯನ್ನು ನಂಬುವವರು ಹಾಸನ್ನು ಎತ್ತಿ ನೋಡಲಿ: ತಂಗಿಯ ಕಾಲಿದ್ದ ಜಾಗದಲ್ಲಿ ಬೈಕುಲ್ಲಾದ ವೆಲ್ಡರ್ ಕೂಡಿಸಿದ ಅಂಗೈಯಗಲದ ತಗಡಿನ ತೇಪೆಯಿದೆ.