ಒಳಸುತ್ತಿನ ಅಳತೆ

"ಟೇಪ್ ಬಿಗಿಯಾಗಿ ಹಿಡಿ," ಎಂದು ಮುದುಕರು ಗದರಿದರು. ಇನ್ನೊಂದು ತುದಿ ಹಿಡಿದಿದ್ದ ಮಗಳು ಅದನ್ನು ಎಳೆದು ಬಿಗಿ ಮಾಡಿದಳು.

ಹಿಂದಿನ ದಿನ ಇದೇ ಮೈದಾನದಲ್ಲಿ ಮಗಳ ಶಿಷ್ಯೆಯೊಬ್ಬಳು ನಾನೂರು ಮೀಟರ್ ಓಟದ ದಾಖಲೆ ಮುರಿದಿದ್ದಳು. ಬೆಳಗಾಗುವಷ್ಟರಲ್ಲಿ ಈ ನಿವೃತ್ತ ಸರ್ವೆಯರ್ ಕ್ರೀಡಾ ಸಂಘಕ್ಕೆ ದೂರು ಕೊಟ್ಟಾಗಿತ್ತು: ಓಟದ ಹಾದಿ ಗಿಡ್ಡವಾಗಿದೆ, ಯಾರೋ ಅದರ ಒಳ ಅಂಚಿನ ಕಲ್ಲುಗಳನ್ನು ಇನ್ನೂ ಒಳಕ್ಕೆ ಸರಿಸಿದ್ದಾರೆ. ಅಳೆಯುವಾಗ ಎರಡೂ ಕಡೆಯವರು ಇರಲಿ ಎಂದಿತು ಸಂಘ.

ಅವರ ಸಿಟ್ಟಿನ ಬೇರು ಹಳೆಯದು. ಇಪ್ಪತ್ತು ವರ್ಷದ ಹಿಂದೆ ಮಗಳಿಗೆ ಓಟ ಕಲಿಸಿದವರು ಅವರೇ. ದೇಶದ ತಂಡ ಸೇರಲು ಐವತ್ತೈದು ಸೆಕೆಂಡಿನೊಳಗೆ ಓಡಬೇಕಿತ್ತು. ಆಯ್ಕೆಯ ಓಟ ಇಲ್ಲೇ ನಡೆಯುತ್ತಿತ್ತು. ಮೂರು ವರ್ಷ ಜೀವ ಹಿಂಡಿಕೊಂಡು ಓಡಿದರೂ ಅವಳು ಐವತ್ತೈದು ಪಾಯಿಂಟ್ ಎರಡು ಸೆಕೆಂಡಿಗೇ ನಿಂತಳು. "ನಿನ್ನ ಮೈಯ ಮಿತಿ ಇಷ್ಟೇ," ಎಂದು ಎಲ್ಲರೆದುರು ಹೇಳಿ, ಸ್ಟಾಪ್‌ವಾಚ್ ಜೇಬಿಗಿಳಿಸಿ ಅವರು ನಡೆದುಬಿಟ್ಟಿದ್ದರು. ಅಂದಿನಿಂದ ಅಪ್ಪ ಮಗಳ ಮಾತುಕತೆ ಅಷ್ಟಕ್ಕಷ್ಟೇ. ಈಗ ಅದೇ ಮಗಳ ಕೈಕೆಳಗಿನ ಹುಡುಗಿ, ಅದೇ ಹಾದಿಯಲ್ಲಿ, ಐವತ್ತನಾಲ್ಕಕ್ಕೂ ಮೊದಲೇ ಗೆರೆ ಮುಟ್ಟುವುದೆಂದರೇನು?

ಅವರು ಬಗ್ಗಿ ಟೇಪನ್ನು ಕಲ್ಲಿಗೆ ಒತ್ತಿದರು. ಸಂಘದ ಕಾರ್ಯದರ್ಶಿ ತಡೆದರು.

"ತಾಗಿಸಬೇಡಿ ಸರ್. ಒಂದಡಿ ಆಚೆ ಅಳೀಬೇಕು. ಓಡೋರು ಕಲ್ಲು ಸವರಿಕೊಂಡು ಓಡಲ್ವಲ್ಲ."

"ನಲವತ್ತು ವರ್ಷ ಭೂಮಿ ಅಳೆದಿದ್ದೀನಿ. ನನಗೇ ಪಾಠ ಹೇಳ್ತೀರಾ?"

ಕಾರ್ಯದರ್ಶಿ ನಿಯಮದ ಪುಸ್ತಕ ತೆರೆದು ತೋರಿಸಿದರು. ಮುದುಕರು ಹಲ್ಲು ಕಚ್ಚಿಕೊಂಡು ಒಂದಡಿ ಆಚೆ ಸರಿದರು.

ಮೂವತ್ತು ಮೀಟರಿನ ಟೇಪನ್ನು ಹದಿಮೂರು ಸಲ ಎಳೆದದ್ದಾಯಿತು. ಉಳಿದ ತುಂಡಿನ ಅಳತೆಯನ್ನು ಕಾರ್ಯದರ್ಶಿ ಎರಡೆರಡು ಬಾರಿ ಓದಿದರು.

"ಗಿಡ್ಡ ಅಲ್ಲ ಸರ್, ಉದ್ದ. ಹತ್ತಿರ ಹತ್ತಿರ ಎರಡು ಮೀಟರ್ ಜಾಸ್ತಿ. ಆ ಹುಡುಗಿ ಓಡಬೇಕಾದ್ದಕ್ಕಿಂತ ಹೆಚ್ಚೇ ಓಡಿದ್ದಾಳೆ."

ಮುದುಕರು ಲೆಕ್ಕದಲ್ಲಿ ಹುಲಿ. ಎರಡು ಮೀಟರ್ ಎಂದರೆ ಕಾಲು ಸೆಕೆಂಡ್. ಅಷ್ಟು ಕಳೆದರೆ ಮಗಳೂ ಐವತ್ತೈದರ ಒಳಗೆ. ಮೂರು ವರ್ಷವೂ. ಅವರು ಕಾರ್ಯದರ್ಶಿಯತ್ತ ತಿರುಗಿದರು.

"ಯಾವ ಅಯೋಗ್ಯ ಈ ಕಲ್ಲು ಹೊರಗೆ ಸರಿಸಿದ್ದು? ನನ್ನ ಮಗಳ ಬಾಳಿಗೆ ಕಲ್ಲು ಹಾಕಿದ್ದಾನೆ. ಹೆಸರು ಹೇಳಿ, ಅವನನ್ನ ಸುಮ್ಮನೆ ಬಿಡಲ್ಲ ನಾನು."

ಮಗಳು ಟೇಪಿನ ತುದಿಯನ್ನು ನೆಲಕ್ಕೆ ಬಿಟ್ಟಳು.

"ಯಾರೂ ಸರಿಸಿಲ್ಲ ಅಪ್ಪ. ಈ ಹಾದಿ ಹಾಕುವಾಗ ನೀವೇ ಕಲ್ಲಿಗೆ ತಾಗಿಸಿ ಅಳೆದು ನೆಟ್ಟಲ್ಲೇ ಇವೆ."