ವಿನೆಗರ್ ಮೇಲೆ ಅರ್ಧ ಗಿಟುಕು

ಕೊಬ್ಬರಿ ಮೂಟೆ ತೂಗುವ ಮಿಷನ್ನಿನ ಮೇಲೆ ದ್ರಾಕ್ಷಾಯಣಮ್ಮ ಕಣ್ಣು ಮುಚ್ಚಿ ನಿಂತಿದ್ದರು. ಮಗಳು ಇಂಪನಾ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಮಂಡಿ ಆಪರೇಷನ್ನಿಗೆ ಮುಂಚೆ ಐದು ಕೆ.ಜಿ. ಇಳಿಸಿ ಎಂದಿದ್ದರು ಡಾಕ್ಟರು. ತಿಂಗಳಿಡೀ ಆ್ಯಪಲ್ ಸೈಡರ್ ವಿನೆಗರ್ ಕುಡಿದರೂ ಎರಡು ಕೆ.ಜಿ. ಏರಿತ್ತು!

"ಇವತ್ತು ನನ್ನೆದುರಿಗೇ ಕುಡಿ," ಎಂದು ಲೋಟ ಕೊಟ್ಟಳು. ಅಮ್ಮ ಮುಖ ಕಿವುಚಿಕೊಂಡು ಕುಡಿದು, ಸೆರಗಿನ ಗಂಟು ಬಿಚ್ಚಿ ಅರ್ಧ ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ ತೆಗೆದರು.

"ಇದೇನಮ್ಮಾ!"

"ಬಾಯಿ ಹುಳಿ ಹೋಗ್ಬೇಡ್ವೇನೇ? ದಿನಾ ತಿಂತೀನಿ ಕಣೇ. ನೀನೇ ಒಂದ್ಸಲ ಕುಡ್ದು ನೋಡು."

ರೇಗಿಹೋದ ಇಂಪನಾ ಇನ್ನೊಂದು ಲೋಟ ಬೆರೆಸಿ ಒಂದೇ ಉಸಿರಿಗೆ ಕುಡಿದಳು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಬೈಯಬೇಕೆಂದು ಬಾಯಿ ತೆರೆದವಳು, ಬೈಯದೆ ಅಮ್ಮನ ಮುಂದೆ ಕೈ ಚಾಚಿದಳು.